ಪದಚರ್ಚೆ: ‘ರೀಡಿಂಗ್ ಲಿಸ್ಟ್’ಗೆ ಫಲಕದಲ್ಲಿ ಏನು ಬರೆಯಬೇಕು? (ತುರ್ತು)

ಶಿವಮೊಗ್ಗದಿಂದ:
ಬಲ್ಲವರು ದಯವಿಟ್ಟು ಬೇಗ ಹೇಳಿ. ವಿಶ್ವವಿದ್ಯಾಲಯದ ಗ್ರಂಥಾಲಯವೊಂದರಲ್ಲಿ ಗ್ರಂಥಾಲಯ ನಿರ್ವಹಣೆಯ ಕೋಹಾ ತಂತ್ರಾಂಶದ ‘ಕೋರ್ಸ್ ರಿಸರ್ವ್ಸ್’ ಘಟಕವನ್ನು ಈ ಸೆಮಿಸ್ಟರಿನಿಂದ ಚಾಲೂ ಮಾಡುತ್ತಿದ್ದಾರೆ. ಅಧ್ಯಾಪಕರು ತಾವು ಪಾಠ ಮಾಡುವ ಪತ್ರಿಕೆಗೆ, ಅಂದರೆ ಕೋರ್ಸಿಗೆ, ಬೇಕಾದ ಪುಸ್ತಕಗಳ ಹೆಸರು ಕೊಡುತ್ತಾರೆ, ಸಿಬ್ಬಂದಿ ಬಾರ್‌ಕೋಡ್ ಹೊಡೆದು ಕೋರ್ಸಿನಡಿ ಸೇರಿಸುತ್ತಾರೆ, ಹುಡುಗರಿಗೆ ಗ್ರಂಥಾಲಯದ ಆನ್‌ಲೈನ್ ಪುಸ್ತಕಪಟ್ಟಿಯಾದ ಓಪ್ಯಾಕ್‌ನಲ್ಲಿ ಕಾಣುತ್ತದೆ. ಆ ಪ್ರತಿಗಳು ಕೌಂಟರಿನ ಹಿಂದಿನ ಕಪಾಟಿಗೆ ಬರುತ್ತವೆ. ಮೂರು ಪದ ಬೇಕು: ರೀಡಿಂಗ್ ಲಿಸ್ಟ್, ಕೋರ್ಸ್ ರಿಸರ್ವ್, ಶಾರ್ಟ್ ಲೋನ್ (ಕೆಲವೇ ಗಂಟೆಗೆ ಪುಸ್ತಕ ಕೊಡುವುದು). ಈಗಿನ ಕರಡಿನಲ್ಲಿ ‘ಪರಾಮರ್ಶನ ಪಟ್ಟಿ’, ‘ಕಾಯ್ದಿರಿಸಿದ ಪುಸ್ತಕಗಳು’, ‘ಅಲ್ಪಾವಧಿ ಸಾಲ’ ಎಂದಿದೆ. ಫಲಕ ಬರೆಯುವವರು ಸಂಜೆ 5ಕ್ಕೆ ಒಕ್ಕಣೆ ಕೇಳಿದ್ದಾರೆ.

ಮೈಸೂರಿನಿಂದ:
ಮೂರೂ ಬೇಡ.

‘ಪರಾಮರ್ಶನ’ ಗ್ರಂಥಾಲಯದಲ್ಲಿ ಆಗಲೇ ಒಂದು ವಿಭಾಗದ ಹೆಸರು. ಅಲ್ಲಿನ ನಿಘಂಟು, ವಿಶ್ವಕೋಶಗಳನ್ನು ಮನೆಗೆ ಕೊಡುವುದಿಲ್ಲ. ಸಿಲಬಸ್ಸಿನ ಕೊನೆಯಲ್ಲಿ ‘ಪರಾಮರ್ಶನ ಗ್ರಂಥಗಳು’ ಎಂದು ಹಾಕುವ ಅಭ್ಯಾಸವಿದೆ ನಿಜ, ಆದರೆ ಫಲಕದಲ್ಲಿ ಅದನ್ನೇ ಬರೆದರೆ ಹುಡುಗರು ನೇರ ರೆಫರೆನ್ಸ್ ವಿಭಾಗಕ್ಕೆ ಹೋಗಿ ನಿಲ್ಲುತ್ತಾರೆ.

‘ಕಾಯ್ದಿರಿಸು’ ಇನ್ನೂ ಅಪಾಯ. ಬೇರೆಯವರ ಬಳಿ ಇರುವ ಪುಸ್ತಕ ವಾಪಸು ಬಂದಾಗ ನನಗೆ ಕೊಡಿ ಎಂದು ಓದುಗರು ಹಾಕುವ ಬೇಡಿಕೆ ‘ಹೋಲ್ಡ್’, ಕಾಯ್ದಿರಿಸುವುದು ಎಂದರೆ ಅದು. ಕೋರ್ಸ್ ರಿಸರ್ವ್‌ನಲ್ಲಿ ಪುಸ್ತಕವನ್ನು ಎತ್ತಿಡುವುದು ಗ್ರಂಥಾಲಯ, ಒಬ್ಬರಿಗಲ್ಲ, ಇಡೀ ತರಗತಿಗೆ. ಈ ಗೊಂದಲ ಇಂಗ್ಲಿಷಿನಿಂದಲೇ ಬಂದದ್ದು. ಕೋಹಾದ ಡೇಟಾಬೇಸಿನಲ್ಲಿ ಹೋಲ್ಡ್‌ಗಳು ಕೂರುವ ಕೋಷ್ಟಕದ ಹೆಸರು ಈಗಲೂ ‘ರಿಸರ್ವ್ಸ್’. ಕೋಹಾದ ತೆರೆಯ ಸಾಲುಗಳನ್ನು ಕನ್ನಡಕ್ಕೆ ತರುವ ಅನುವಾದದ ಕಡತದಲ್ಲೂ ಎಚ್ಚರ ಬೇಕು. ಒಂದೇ ಇಂಗ್ಲಿಷ್ ಸಾಲು ಎರಡು ಕಡೆ ಇದ್ದು ಸಂದರ್ಭದ ಗುರುತು ಇಲ್ಲದಿದ್ದರೆ, ಒಂದು ಕಡೆ ಕೊಟ್ಟ ಕನ್ನಡ ಎರಡೂ ಕಡೆ ಅಂಟಿಕೊಳ್ಳುತ್ತದೆ.

ನನ್ನ ಸಲಹೆ: ಓದುಪಟ್ಟಿ, ಕೋರ್ಸ್ ಮೀಸಲು, ಕಿರು ಎರವಲು. ‘ಸಾಲ’ ಬ್ಯಾಂಕಿಗಿರಲಿ.

ಧಾರವಾಡದಿಂದ:
‘ಓದುಪಟ್ಟಿ’ ಕೇಳಲು ಬಾಲವಾಡಿಯ ಹಾಗಿದೆ. ‘ವಾಚನಸೂಚಿ’ ಎನ್ನಿ. ವಾಚನಾಲಯ, ಗ್ರಂಥಸೂಚಿ ಎರಡೂ ರೂಢಿಯಲ್ಲಿವೆ. ‘ವಾಚನಪಟ್ಟಿ’ ಎಂದು ಯಾರಾದರೂ ಹೊರಡುವ ಮೊದಲೇ ಹೇಳಿಬಿಡುತ್ತೇನೆ, ಅದು ಅರಿಸಮಾಸ, ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಕೂಡಿಸಿದ ಸಲ್ಲದ ಸಮಾಸ.

ಮೈಸೂರಿನಿಂದ:
ವಾಚನ ಎಂದರೆ ಕಾವ್ಯವಾಚನ, ಗಟ್ಟಿಯಾಗಿ ಓದುವುದು. ‘ಸೂಚಿ’ ಪುಸ್ತಕದ ಕೊನೆಯ ಇಂಡೆಕ್ಸಿಗೂ ಬಳಕೆಯಾಗುತ್ತದೆ. ಅರಿಸಮಾಸದ ಭಯ ಇಲ್ಲಿ ಬೇಡ ರಾಯರೇ. ಪಟ್ಟಿ ತದ್ಭವವೇ ಆದರೂ ಓದಿನ ಜೊತೆ ಸಲೀಸಾಗಿ ಕೂರುತ್ತದೆ.

ಬೆಂಗಳೂರಿನಿಂದ:
ಓದುಪಟ್ಟಿ ಸರಿ. ಆದರೆ ಅಲ್ಲಿಗೇ ನಿಲ್ಲಿಸುವುದು ಯಾಕೆ? ‘ಪುಸ್ತಕ’ ತೆಗೆದು ‘ಹೊತ್ತಗೆ’ ಹಾಕಿ. ‘ಗ್ರಂತಾಲಯ’ಕ್ಕೆ ‘ಹೊತ್ತಗೆಮನೆ’, ‘ತಂತ್ರಾಂಶ’ಕ್ಕೆ ‘ಮೆದುಸರಕು’. ಮಂದಿಯ ಬಾಯಲ್ಲಿ ಇಲ್ಲದ ಮಹಾಪ್ರಾಣವನ್ನು ಪಲಕದ ಮೇಲೆ ಹೇರುವುದು ಬೇಡ. ಎರವಲು ಪದಗಳಿಂದ ಕನ್ನಡ ಬಡವಾಗಿದೆ.

ಧಾರವಾಡದಿಂದ:
ಹೊತ್ತಗೆ ಅಚ್ಚಗನ್ನಡ ಎಂದು ಯಾರು ಹೇಳಿದರು? ಶಾಲೆಯ ವ್ಯಾಕರಣದಲ್ಲೇ ಇದೆ, ಪುಸ್ತಕದ ತದ್ಭವ. ಆ ಸಂಸ್ಕೃತ ‘ಪುಸ್ತಕ’ವೂ ಚರ್ಮ ಎಂಬ ಅರ್ಥದ ಇರಾನಿ ಪದದಿಂದ ಬಂದದ್ದೆಂದು ಭಾಷಾವಿಜ್ಞಾನಿಗಳು ಹೇಳುತ್ತಾರೆ. ಎರವಲನ್ನು ಓಡಿಸಲು ಎರವಲನ್ನೇ ಕರೆತಂದಿದ್ದೀರಿ. ‘ಪಲಕ’ಕ್ಕೆ ಉತ್ತರ ಕೊಡುವುದಿಲ್ಲ.

ಬೆಂಗಳೂರಿನಿಂದ:
ಕನ್ನಡದ ನಾಲಿಗೆಗೆ ಒಗ್ಗಿ ‘ಹೊತ್ತಗೆ’ ಆಗಿದೆಯಲ್ಲ, ನಾನು ಹೇಳುತ್ತಿರುವುದೂ ಅದನ್ನೇ. ನಿಮ್ಮ ‘ವಾಚನಸೂಚಿ’ ಯಾರ ನಾಲಿಗೆಗೆ ಒಗ್ಗಿದೆ?

ಇಂಗ್ಲೆಂಡಿನ ಲೆಸ್ಟರ್‌ನಿಂದ:
ಜಗಳದ ನಡುವೆ ಒಂದು ಮಾತು. ಇಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಟ್ಯಾಲಿಸ್ ಆಸ್ಪೈರ್, ಲೆಗಾಂಟೊ ಇತ್ಯಾದಿ ಓದುಪಟ್ಟಿಯ ತಂತ್ರಾಂಶಗಳು ಬಳಕೆಯಲ್ಲಿವೆ. ಪಟ್ಟಿಯಲ್ಲಿ ಪುಸ್ತಕದ ಹೆಸರಿಗಿಂತ ಅದರ ಪಕ್ಕದ ಗುರುತಿಗೆ ಬೆಲೆ ಹೆಚ್ಚು: ಕಡ್ಡಾಯವೋ, ಓದಿದರೆ ಒಳ್ಳೆಯದೋ, ಹೆಚ್ಚಿನ ಓದಿಗೋ. ಆ ಗುರುತು ಮತ್ತು ತರಗತಿಯ ವಿದ್ಯಾರ್ಥಿಗಳ ಸಂಖ್ಯೆ ಎರಡನ್ನೂ ನೋಡಿ ಗ್ರಂಥಾಲಯ ಎಷ್ಟು ಪ್ರತಿ ಕೊಳ್ಳಬೇಕೆಂದು ತೀರ್ಮಾನಿಸುತ್ತದೆ. ಅಧ್ಯಾಪಕರು ಎಲ್ಲಕ್ಕೂ ‘ಕಡ್ಡಾಯ’ ಒತ್ತಿದರೆ ಲೆಕ್ಕವೆಲ್ಲ ಹಳ್ಳ ಹಿಡಿಯಿತು. ಹಾಗಾಗಿ ಈ ಮೂರು ಗುರುತುಗಳಿಗೂ ಈಗಲೇ ಕನ್ನಡ ನಿಗದಿ ಮಾಡಿ. ‘ಅತ್ಯಗತ್ಯ’, ‘ಅಗತ್ಯ’, ‘ಅವಶ್ಯಕ’ ಎಂದು ಹಾಕಿದರೆ ಯಾರಿಗೂ ವ್ಯತ್ಯಾಸ ತಿಳಿಯುವುದಿಲ್ಲ.

ಶಿವಮೊಗ್ಗದಿಂದ:
‘ಕಡ್ಡಾಯ’, ‘ಶಿಫಾರಸು’, ‘ಹೆಚ್ಚಿನ ಓದಿಗೆ’ ಎಂದು ಬರೆದುಕೊಂಡೆ. ಕೋಹಾದಲ್ಲಿ ಇದಕ್ಕೆಂದೇ ಬೇರೆ ಅಂಕಣ ಇದ್ದಂತಿಲ್ಲವಲ್ಲ ಮೇಡಂ?

ಮೈಸೂರಿನಿಂದ:
ಪ್ರತಿ ಪುಸ್ತಕಕ್ಕೂ ಟಿಪ್ಪಣಿಯ ಜಾಗ ಇದೆ, ಅಲ್ಲಿ ಬರೆಯಿಸಿ. ಸಾರ್ವಜನಿಕ ಟಿಪ್ಪಣಿಯಲ್ಲೇ ಬರೆಯಬೇಕು, ಸಿಬ್ಬಂದಿ ಟಿಪ್ಪಣಿ ಓಪ್ಯಾಕ್‌ನಲ್ಲಿ ಕಾಣದು.

ಘಟಕ ಚಾಲೂ ಮಾಡುವವರಿಗೆ ಇನ್ನೂ ಕೆಲವು. ಕೋಹಾದ ಸೆಟ್ಟಿಂಗುಗಳಾದ ಸಿಸ್ಟಂ ಪ್ರಿಫರೆನ್ಸ್‌ನಲ್ಲಿ ‘ಯೂಸ್ ಕೋರ್ಸ್ ರಿಸರ್ವ್ಸ್’ ಒತ್ತಿದ ಮಾತ್ರಕ್ಕೆ ಮುಗಿಯುವುದಿಲ್ಲ. ಆಥರೈಸ್ಡ್ ವ್ಯಾಲ್ಯೂಗಳಲ್ಲಿ (ಆಯ್ಕೆಗೆಂದು ಮೊದಲೇ ತುಂಬಿಡುವ ಪಟ್ಟಿಗಳಲ್ಲಿ) ಅಧ್ಯಯನ ವಿಭಾಗ, ಸೆಮಿಸ್ಟರ್ ತುಂಬಬೇಕು. ವಿಭಾಗ ಇಲ್ಲದೆ ಕೋರ್ಸ್ ಸೇರಿಸಲು ಬರುವುದಿಲ್ಲ. ಪುಸ್ತಕ ಸೇರಿಸುವಾಗ ಐಟಂ ಟೈಪನ್ನು (ಎರವಲಿನ ನಿಯಮಕ್ಕಾಗಿ ಪ್ರತಿಗೆ ಕೊಡುವ ಬಗೆಯನ್ನು) ‘ಕಿರು ಎರವಲು’ ಮಾಡಿ, ಅದಕ್ಕೆ ಗಂಟೆಗಳ ಲೆಕ್ಕದಲ್ಲಿ ನಿಯಮ ಬರೆಯಿರಿ. ಕೋರ್ಸನ್ನು ನಿಷ್ಕ್ರಿಯ ಮಾಡಿದಾಗ ಹಳೆಯ ಟೈಪು, ಹಳೆಯ ಕಪಾಟಿನ ಗುರುತು ತಾವಾಗಿ ಮರಳುತ್ತವೆ. ಸೆಮಿಸ್ಟರ್ ಮುಗಿದ ಮೇಲೆ ಹೀಗೆ ನಿಷ್ಕ್ರಿಯ ಮಾಡಲು ಮರೆತರೆ ರಜೆಯಲ್ಲೂ ಆ ಪುಸ್ತಕ ಎರಡು ಗಂಟೆಗಷ್ಟೇ ಸಿಗುತ್ತದೆ.

ಅನುವಾದದ ಇನ್ನೊಂದು ಗುಂಡಿ ವಿಭಕ್ತಿ. ಕೋರ್ಸಿನ ಹೆಸರು ಬಂದು ಕೂರುವ ಖಾಲಿ ಗುರುತಿನ ಮುಂದೆ ‘ಗಾಗಿ’ ಅಂಟಿಸಬೇಡಿ. ‘ಛಂದಸ್ಸುಗಾಗಿ’, ‘ಜಾನಪದಗಾಗಿ’ ಎಂದು ತೆರೆಯ ಮೇಲೆ ಬರುತ್ತದೆ. ‘ಕೋರ್ಸ್:’ ಎಂದು ಬರೆದು ಹೆಸರನ್ನು ಪ್ರಥಮಾ ವಿಭಕ್ತಿಯಲ್ಲೇ ಬಿಡಿ.

ಧಾರವಾಡದಿಂದ:
‘ಕೋರ್ಸ್’ ಎಂಬುದನ್ನು ಯಾರೂ ಪ್ರಶ್ನಿಸಲಿಲ್ಲ ಎಂಬುದನ್ನು ದಾಖಲಿಸುತ್ತೇನೆ. ಸಂಸ್ಕೃತವಾದರೆ ಹೇರಿಕೆ, ಇಂಗ್ಲಿಷಾದರೆ ರೂಢಿ.

ಬೆಂಗಳೂರಿನಿಂದ:
‘ಕಲಿಕೆ’ ಎಂದು ಬರೆಯಬಹುದಿತ್ತು. ಯಾರು ಕೇಳುತ್ತಾರೆ.

ಮೈಸೂರಿನಿಂದ:
‘ಪತ್ರಿಕೆ’ ಎಂದರೆ ದಿನಪತ್ರಿಕೆ ವಿಭಾಗ, ‘ಕಲಿಕೆ’ ಎಂದರೆ ಏನೂ ಆಗಬಹುದು. ಕೌಂಟರಿನಲ್ಲಿ ನಿಂತವರು ಹೇಳುವುದು ಕೋರ್ಸ್ ಎಂದೇ. ಈ ಚರ್ಚೆಯನ್ನು ಬೇರೆ ಎಳೆಯಲ್ಲಿ ಮಾಡಿ.

ಶಿವಮೊಗ್ಗದಿಂದ:
ಫಲಕಕ್ಕೆ ಕಳಿಸಿದ ಒಕ್ಕಣೆ: ‘ಕೋರ್ಸ್ ಮೀಸಲು ಪುಸ್ತಕಗಳು / ನಿಮ್ಮ ಓದುಪಟ್ಟಿಯ ಪುಸ್ತಕಗಳನ್ನು ಇಲ್ಲಿ ಕೇಳಿ / ಕಿರು ಎರವಲು: 2 ಗಂಟೆ’. ಒಂದು ತೊಡಕು ಉಳಿದಿದೆ. ಪಟ್ಟಿಯ ಕೆಲವು ಹಳೆಯ ಕನ್ನಡ ಪುಸ್ತಕಗಳ ಹೆಸರು ಓಪ್ಯಾಕ್‌ನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತಿದೆ.

ಮೈಸೂರಿನಿಂದ:
ಅವು ಯೂನಿಕೋಡ್‌ಗೆ ಮುಂಚಿನ ನುಡಿ ಇಲ್ಲವೇ ಬರಹ ಫಾಂಟಿನಲ್ಲಿ ಟೈಪಾದ ದಾಖಲೆಗಳು. ಪರಿವರ್ತಕದಲ್ಲಿ ಹಾಯಿಸಿ, ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಕಣ್ಣಿಂದಲೇ ನೋಡಿ ತಿದ್ದಿ, ಆಮೇಲೆ ಹುಡುಕಿದರೆ ಸಿಗುವಂತೆ ಮತ್ತೆ ಇಂಡೆಕ್ಸ್ ಮಾಡಿಸಿ. ಹಳೆಯ ಪುಸ್ತಕಗಳಿಗೆ ಐಎಸ್‌ಬಿಎನ್ ಇರುವುದಿಲ್ಲ, ಅವನ್ನು ಬಾರ್‌ಕೋಡಿನಿಂದಲೇ ಸೇರಿಸಿ.