ಓದುಗರ ಸ್ಪಂದನ: ಬೆನ್ನುಮೂಳೆ ಜಾರಿದೆ, ಆಪರೇಷನ್ ಮಾಡಿಸ್ಲಾ ಬೇಡ್ವಾ?

ಅಣ್ಣ, ಬೆನ್ನುಮೂಳೆ ಜಾರಿದೆ, ಆಪರೇಷನ್ ಮಾಡಿಸ್ಲಾ ಬೇಡ್ವಾ ಅಂತ ಕೇಳಿದ ನಿಮ್ ಪತ್ರ ಓದ್ದೆ. ನಮ್ಮಮ್ಮಂಗೂ ಥೇಟ್ ಹಿಂಗೇ ಆಗಿತ್ತು, ಸೊಂಟದ ಕೆಳಭಾಗದ ಎಲ್4-ಎಲ್5 ಮೂಳೆಗಳ ಹತ್ರ ಜಾರಿ ನರ ಒತ್ತಿ, ನೆಟ್ಟಗೆ ನಿಂತ್ರೆ ಸ್ವಲ್ಪ ಹೊತ್ತಿಗೇ ಕಾಲು ಜೋಮು, ಏನಾದ್ರೂ ಹಿಡ್ಕೊಂಡು ಮುಂದಕ್ಕೆ ಬಾಗಿ ನಡೆದ್ರೆ ಮಾತ್ರ ಆರಾಮ. ಆಪರೇಷನ್ ಆದ್ಮೇಲೆ ಕಾಲುನೋವು ಬೇಗ ಬಿಡ್ತು, ಸೊಂಟನೋವು ಮಾತ್ರ ಪೂರ್ತಿ ಹೋಗ್ಲಿಲ್ಲ, ಈಗ್ಲೂ ಬೆಳಿಗ್ಗೆ ಎದ್ದ ತಕ್ಷಣ ಮಂಚದ ಅಂಚು ಹಿಡ್ಕೊಂಡು ನಿಂತು ಆಮೇಲೇ ಹೆಜ್ಜೆ ಇಡೋದು. ನಿಮಗೆ ಜಾಸ್ತಿ ಕಾಡ್ತಿರೋದು ಕಾಲಾ, ಸೊಂಟಾನಾ? ಪತ್ರದಲ್ಲಿ ಸರಿಯಾಗಿ ಬರೆದಿಲ್ಲ ನೀವು. ಕಾಲಾದ್ರೆ ಆಪರೇಷನ್‌ನಿಂದ ಗುಣ ಆಗೋ ಚಾನ್ಸ್ ಹೆಚ್ಚು, ಬರೀ ಸೊಂಟ ಆದ್ರೆ ಫಿಸಿಯೋಥೆರಪಿ ಬಿಡದೆ ಮಾಡಿ ನೋಡಿ, ಅವಸರ ಬೇಡ.

*

ಮೇಲಿನ ಮೇಡಂ ಹೇಳಿದ್ದು ನಿಜ, ಆದ್ರೆ ಯಾವ ಆಪರೇಷನ್ ಅನ್ನೋದನ್ನೂ ಕೇಳ್ಬೇಕಲ್ವಾ. ಸ್ಕ್ರೂ, ರಾಡ್ ಹಾಕಿ ಮೂಳೆ ಬೆಸೆಯೋದೇ ಒಂದು, ಬರೀ ನರದ ಒತ್ತಡ ಬಿಡಿಸೋದೇ ಇನ್ನೊಂದು. ವಯಸ್ಸಾಗಿ ಮೂಳೆ ಸವೆದು ಜಾರಿದ 267 ಜನರನ್ನ ನಾರ್ವೆಯಲ್ಲಿ ಎರಡು ಗುಂಪು ಮಾಡಿ, ಒಂದಕ್ಕೆ ಸ್ಕ್ರೂ ಹಾಕಿ ಬೆಸೆದು, ಇನ್ನೊಂದಕ್ಕೆ ಬರೀ ಒತ್ತಡ ಬಿಡಿಸಿ ಎರಡು ವರ್ಷ ನೋಡಿದ್ರು, 2021ರಲ್ಲಿ ರಿಸಲ್ಟ್ ಬಂತು, ಸ್ಕ್ರೂ ಇಲ್ದೋರಿಗೂ ಹೆಚ್ಚುಕಮ್ಮಿ ಅಷ್ಟೇ ಗುಣ ಆಗಿತ್ತು. ಮತ್ತೆ ಆಪರೇಷನ್ ಬೇಕಾದೋರು ಮಾತ್ರ ಸ್ಕ್ರೂ ಇಲ್ದೋರಲ್ಲಿ 100ಕ್ಕೆ ಸುಮಾರು 12, ಸ್ಕ್ರೂ ಹಾಕಿಸ್ಕೊಂಡವ್ರಲ್ಲಿ 9. ನನ್ ಪ್ರಕಾರ ಇದು ಅಂಥಾ ದೊಡ್ಡ ವ್ಯತ್ಯಾಸ ಏನಲ್ಲ, ಬೆಸೆದ ಮೇಲೆ ಅದರ ಪಕ್ಕದ ಮೂಳೆ ಮೇಲೆ ಭಾರ ಬಿದ್ದು ಅಲ್ಲೂ ತೊಂದರೆ ಶುರುವಾಗೋದುಂಟು. ಹಾಗಂತ ಎಲ್ರಿಗೂ ಸ್ಕ್ರೂ ಬೇಡ ಅಂತಾನೂ ಅಲ್ಲ, ಚಿಕ್ಕ ವಯಸ್ಸಲ್ಲೇ ಮೂಳೆ ಸೀಳು ಬಿಟ್ಟು ಜಾರಿದ್ರೆ, ಅಥವಾ ಬಗ್ಗಿದಾಗ ಮೂಳೆ ತುಂಬಾ ಅಲ್ಲಾಡ್ತಿದ್ರೆ ಲೆಕ್ಕಾನೇ ಬೇರೆ. ಅಲ್ಲಾಡ್ತಿದ್ಯಾ ಅಂತ ನೋಡೋಕೆ ಮುಂದೆ ಬಗ್ಗಿ ಒಂದು, ಹಿಂದಕ್ಕೆ ಬಾಗಿ ಒಂದು ಎಕ್ಸ್‌ರೇ ತೆಗಿಸಿದ್ರಾ? ಇಲ್ಲಾಂದ್ರೆ ಡಾಕ್ಟರ್‌ಗೆ ಕೇಳಿ, ಜೊತೆಗೆ ಸ್ಕ್ರೂ ಯಾಕೆ ಬೇಕು ಅಂತಾನೂ ಕೇಳಿ, ಬೈದ್ರೆ ಬೈಸ್ಕೊಳ್ಳಿ.

*

ಸಿಗರೇಟ್ ಸೇದ್ತೀನಿ ಅಂತ ಬರ್ದಿದೀರಿ, ಯಾರೂ ಅದ್ರ ಬಗ್ಗೆ ಮಾತೇ ಆಡಿಲ್ಲ! ಸೇದೋರಿಗೆ ಮೂಳೆ ಸರಿಯಾಗಿ ಕೂಡಲ್ಲ, ಬೆಸೆಯೋ ಆಪರೇಷನ್ ಅಂತಾದ್ರೆ ಮೊದ್ಲೇ ಬಿಡಿ, ಆಮೇಲೂ ಮುಟ್ಬೇಡಿ. ಮತ್ತೆ ನಾವು ಹೇಳಿದ್ದೆಲ್ಲಾ ನಿಧಾನಕ್ಕೆ ಯೋಚ್ನೆ ಮಾಡೋಕೆ ಟೈಮ್ ಇದ್ದಾಗ. ಮೂತ್ರ ಕಟ್ಟಿದ್ರೆ, ಗೊತ್ತಾಗ್ದೇ ಹೋಗ್ತಿದ್ರೆ, ಕೂರೋ ಜಾಗ ಮರಗಟ್ಟಿದ್ರೆ, ಪಾದ ಎತ್ತೋಕಾಗ್ದೇ ಇದ್ರೆ ಯಾರ ಉತ್ತರಕ್ಕೂ ಕಾಯ್ಬೇಡಿ, ಆಗ್ಲೇ ಎಮರ್ಜೆನ್ಸಿಗೆ ಹೋಗಿ.