ಕ್ವಾರಿ ದೊಡ್ಡದು ಮಾಡಿದ್ರೂ ಶಬ್ದ ಬರೀ 3 ಡೆಸಿಬಲ್ ಜಾಸ್ತಿ ಅಂತಿದೆ ರಿಪೋರ್ಟು, ನಂಬಬಹುದಾ?

ರಸ್ತೆಬದಿಯವ:
ಮನೆ ಹಿಂದಿನ ಕಲ್ಲು ಕ್ವಾರೀನ ವಿಸ್ತರಣೆ ಮಾಡೋಕೆ ಹೊರಟಿದಾರೆ, ಶಬ್ದದ ರಿಪೋರ್ಟು ಕೈಗೆ ಸಿಕ್ತು, ತುಂಬ ಟೇಬಲ್ಲು ಗ್ರಾಫು ಹಾಕಿ ಕೊನೆಗೆ 3 ಡೆಸಿಬಲ್ ಹೆಚ್ಚಾಗುತ್ತೆ, ಪರಿಣಾಮ ನಗಣ್ಯ ಅಂತ ಒಂದೇ ಸಾಲಲ್ಲಿ ಮುಗಿಸಿದಾರೆ. ಟಿಪ್ಪರ್ ಓಡಾಟ ಡಬಲ್ ಆಗುತ್ತೆ ಅಂತಾನೂ ಅದ್ರಲ್ಲೇ ಇದೆ. ಗಾಡಿ ಡಬಲ್ ಆದ್ರೆ ಶಬ್ದಾನೂ ಡಬಲ್ ಆಗ್ಬೇಕಲ್ವಾ? ಆಕ್ಷೇಪಣೆ ಬರೀಬೇಕು, ಏನು ಕೇಳ್ಲಿ, ಗೊತ್ತಿದ್ದೋರು ಹೇಳಿ.

ಮೀಟರ್ ಮಾಸ್ತರು:
ಆ 3 ತಪ್ಪಿಲ್ಲ ಸಾರ್. ಡೆಸಿಬಲ್ ಲಾಗರಿದಮ್ ಅಳತೆ, ಒಂದೇ ಥರದ ಗಾಡಿ ಎರಡರಷ್ಟಾದ್ರೆ 3 ಅಷ್ಟೇ ಏರೋದು, ಕಿವಿಗೆ ಎರಡು ಪಟ್ಟು ಜೋರು ಅನ್ನಿಸೋಕೆ ಸುಮಾರು 10 ಬೇಕು. ಕೂಡಿ ಕಳೆಯೋದ್ರಲ್ಲಿ ಯಾರೂ ಮೋಸ ಮಾಡಲ್ಲ, ಯಾವುದನ್ನ ಯಾವುದರ ಪಕ್ಕ ಇಟ್ಟು ತೂಗಿದಾರೆ ಅನ್ನೋದೇ ಆಟ. ಮೊದಲು ಬೇಸ್‌ಲೈನ್, ಅಂದ್ರೆ ಹೋಲಿಕೆಗೆ ಇಟ್ಕೊಂಡಿರೋ ಈಗಿನ ಶಬ್ದದ ಮಟ್ಟ, ಯಾವತ್ತು ಅಳೆದ್ರು ನೋಡಿ. ಕ್ರಷರ್ ಓಡ್ತಿರೋವಾಗ ಮೀಟರ್ ಇಟ್ಟಿದ್ರೆ ಈಗಿನ ಗಲಾಟೆನೇ ಸಹಜ ಶಬ್ದ ಅಂತ ಲೆಕ್ಕಕ್ಕೆ ಸೇರ್ಕೊಂಡಿರುತ್ತೆ, ಅದ್ರ ಮೇಲೆ ಏನು ಹಾಕಿದ್ರೂ ಚಿಕ್ಕದಾಗೇ ಕಾಣುತ್ತೆ. ಕ್ವಾರಿ ನಿಂತಿರೋ ದಿನದ ಎಲ್90 ಕೇಳಿ, ಅಂದ್ರೆ ಅಳೆದ ಹೊತ್ತಲ್ಲಿ 90 ಪರ್ಸೆಂಟ್ ಸಮಯ ಶಬ್ದ ಯಾವ ಮಟ್ಟಕ್ಕಿಂತ ಮೇಲೇ ಇತ್ತೋ ಅದು.

ಇನ್ನೊಂದು ಆವರೇಜು. ಟಿಪ್ಪರ್ ನಿಮ್ಮ ಗೋಡೆ ಹತ್ರ 80 ಡೆಸಿಬಲ್‌ನಲ್ಲಿ 10 ಸೆಕೆಂಡು ಹಾದುಹೋಗುತ್ತೆ ಅಂದ್ಕೊಳ್ಳಿ. ಬೆಳಿಗ್ಗೆ 6ರಿಂದ 7ರೊಳಗೆ ಇಂಥವು 10 ಹೋದ್ರೆ ಆ ಗಂಟೆ ಆವರೇಜು 64ರ ಹತ್ರ ಬರುತ್ತೆ, ಅದೇ 10 ಗಾಡೀನ 16 ಗಂಟೆ ಮೇಲೆ ಹರಡಿದ್ರೆ 52. ಗಾಡಿ ಅವೇ, ನಿದ್ದೆ ಹಾಳಾಗಿದ್ದು ನಿಮ್ದೇ, ಪೇಪರ್ ಮೇಲೆ ಮಾತ್ರ 12 ಡೆಸಿಬಲ್ ಮಾಯ! ಗಂಟೆಗಂಟೆಯ ಅಂಕಿ ಬೇಕು ಅಂತ ಪಟ್ಟು ಹಿಡೀರಿ, ಜೊತೆಗೆ ಎಲ್‌ಮ್ಯಾಕ್ಸ್, ಅಂದ್ರೆ ಆ ಹೊತ್ತಲ್ಲಿ ಶಬ್ದ ಮುಟ್ಟಿದ ಅತಿ ಹೆಚ್ಚಿನ ಮಟ್ಟ. ಈಗ ಆ ಗಂಟೇಲಿ 2 ಗಾಡಿ ಇದ್ದು ಮುಂದೆ 20 ಆದ್ರೆ ಏರೋದು 3 ಅಲ್ಲ, 10.

ಹಳೇ ಲೋಡು:
ನಾನು ಇದೇ ಲೈನಲ್ಲಿರೋನು. ಟ್ರಿಪ್ ಸಂಖ್ಯೆ ಅವರು ಕೊಟ್ಟಿದ್ದನ್ನ ಹಂಗೇ ತಗೋಬೇಡಿ, ಟನ್ ಲೆಕ್ಕದಿಂದ ನೀವೇ ತೆಗೀರಿ. ವರ್ಷಕ್ಕೆ 3 ಲಕ್ಷ ಟನ್, 300 ದಿನ ಕೆಲಸ, ಗಾಡಿಗೆ 20 ಟನ್ ಅಂದ್ರೆ ದಿನಕ್ಕೆ 50 ಲೋಡು, ಆದ್ರೆ ರಸ್ತೇಲಿ 100 ಓಡಾಟ, ಯಾಕಂದ್ರೆ ಹೋಗಿದ್ದು ವಾಪಸ್ ಬರ್ಲೇಬೇಕು. ಖಾಲಿ ಬರೋ ಗಾಡಿದೇ ಕಾಟ ಜಾಸ್ತಿ, ಹಂಪ್ ಹತ್ತಿಳಿದ್ರೆ ಹಿಂದಿನ ಡೋರು ದಡಾರ್ ಅನ್ನುತ್ತೆ, ಶಬ್ದ ಅಂದಾಜು ಮಾಡೋ ಕಂಪ್ಯೂಟರ್ ಮಾಡೆಲ್ಲಲ್ಲಿ ರಸ್ತೆ ನುಣ್ಣಗೆ ಇದೆ ಅಂತ ಹಾಕಿದ್ರೆ ಇದ್ಯಾವುದೂ ಬರಲ್ಲ.

ರಸ್ತೆಬದಿಯವ:
ಇಬ್ರಿಗೂ ಥ್ಯಾಂಕ್ಸ್, ಮತ್ತೆ ತೆಗೆದು ನೋಡ್ದೆ, ಬರೀ ಹಗಲು ಪೂರ್ತಿ ಆವರೇಜು ಇದೆ, ಗಂಟೆ ಲೆಕ್ಕ ಎಲ್ಲೂ ಇಲ್ಲ. ಸುತ್ತ ಮೂರು ಸಾಲು ಗಿಡ ನೆಡ್ತೀವಿ ಅಂತ ಬರ್ದಿದಾರೆ, ಅದ್ರಿಂದ ಕಮ್ಮಿ ಆಗುತ್ತಾ? ಬ್ಲಾಸ್ಟಿಂಗ್ ಬಗ್ಗೆ ಒಂದು ಪ್ಯಾರಾ ಅಷ್ಟೇ.

ಮೀಟರ್ ಮಾಸ್ತರು:
ಮೂರು ಸಾಲು ಗಿಡ ಕಣ್ಣಿಗೆ ಮರೆ, ಕಿವಿಗಲ್ಲ. ಮಣ್ಣಿನ ದಿಬ್ಬ ಆದ್ರೆ ಸರಿ, ಅದೂ ನಿಮ್ಮ ಕಿಟಕಿಯಿಂದ ಮಷೀನು ಕಾಣದಷ್ಟು ಎತ್ತರ ಇರ್ಬೇಕು, ದಿಬ್ಬದ ಅಂಚಿಗೆ ಸರಿಯಾಗಿ ಮಷೀನು ಮರೆಯಾದ್ರೆ ಸುಮಾರು 5 ಡೆಸಿಬಲ್ ಇಳಿಯುತ್ತೆ. ಕ್ವಾರಿ ಆಳ ಆದ್ಮೇಲೆ ಗುಂಡಿ ಗೋಡೆನೇ ತಡೆಯುತ್ತೆ ನಿಜ, ಆದ್ರೆ ಶುರುವಿನಲ್ಲಿ ಮೇಲ್ಮಣ್ಣು ತೆಗೆಯೋ ಜೆಸಿಬಿ, ಡ್ರಿಲ್ಲು ಎಲ್ಲಾ ನೆಲದ ಮೇಲೇ ಇರುತ್ತೆ, ಆ ಹಂತ ಮಾಡೆಲ್ಲಲ್ಲಿ ಇದೆಯಾ ಅಂತ ಬರ್ದು ಕೇಳಿ. ಬ್ಲಾಸ್ಟಿಂಗ್ ಬೇರೇನೇ ಲೆಕ್ಕ, ನೆಲದ ನಡುಕ ಸೆಕೆಂಡಿಗೆ ಎಷ್ಟು ಮಿಲಿಮೀಟರ್ ಅಂತ ಅಳೀತಾರೆ, ಗಾಳಿ ಒತ್ತಡದ್ದು ತುಂಬಾ ಕೆಳಗಿನ ಫ್ರೀಕ್ವೆನ್ಸಿ, ಎ ವೇಟಿಂಗ್, ಅಂದ್ರೆ ಕಿವಿಗೆ ಕೇಳೋ ರೀತಿಗೆ ಹೊಂದಿಸೋ ಫಿಲ್ಟರ್, ಹಾಕಿದ್ರೆ ಅದರ ಬಹುಪಾಲು ಕತ್ತರಿಸಿ ಹೋಗುತ್ತೆ. ಒಂದು ಪ್ಯಾರಾದಲ್ಲಿ ಮುಗಿಯೋ ವಿಷ್ಯ ಅಲ್ಲ ಅದು.

ಹಳೇ ಲೋಡು:
ಕ್ವಾರಿ ಅನುಮತಿಯ ಷರತ್ತಲ್ಲಿ ಬೆಳಿಗ್ಗೆ 7ಕ್ಕೆ ಗೇಟು ತೆಗೀಬೇಕು ಅಂತ ಬರೆಸಿದ್ರೆ ಸಾಲಲ್ಲ ಗುರು. 7ಕ್ಕೆ ಗೇಟಂದ್ರೆ 5ಕ್ಕೇ ಲೈನ್ ಹಚ್ತಾರೆ, ಇಂಜಿನ್ ಆನ್ ಮಾಡ್ಕೊಂಡೇ ನಿಂತಿರ್ತಾರೆ, ಅದು ಗೇಟಿನ ಹೊರಗೆ ಆಗೋದ್ರಿಂದ ಕ್ವಾರಿಯವ್ರು ನಮ್ಗೆ ಸಂಬಂಧ ಇಲ್ಲ ಅಂತಾರೆ. ಹೊರಗೆ ರಸ್ತೇಲಿ ಗಾಡಿ ನಿಲ್ಸಂಗಿಲ್ಲ, ಒಳಗೇ ಜಾಗ ಮಾಡ್ಕೊಡ್ಬೇಕು, ರಿವರ್ಸ್ ಬೀಪು ಕೀಂ ಕೀಂ ಅನ್ನೋದು ಬಿಟ್ಟು ಬುಸ್ ಬುಸ್ ಅನ್ನೋ ಥರದ್ದು ಹಾಕ್ಬೇಕು, ಇವೆರಡನ್ನೂ ಸೇರ್ಸಿ ಬರೀರಿ.