ಅತ್ತೆ-ಮಾವನ ಜೊತೆ ಚಿತ್ರೋತ್ಸವಕ್ಕೆ ಒಂದು ಭಾನುವಾರ: ಏನು ನೋಡುವುದು, ಹೇಗೆ ನೋಡುವುದು?

ಶೆಟ್ಟಿಹಳ್ಳಿ ಗೇಟ್:
ಎಲ್ಲರಿಗೂ ನಮಸ್ಕಾರ. ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವ ಈ ಸಲ (2025) ಮಾರ್ಚ್ 1ರಿಂದ 8ರವರೆಗೆ ಒರಾಯನ್ ಮಾಲ್‌ನಲ್ಲಿ ಅಲ್ವಾ? 2ನೇ ತಾರೀಖು ಭಾನುವಾರ ತುಮಕೂರಿನಿಂದ ಮನೆಮಂದಿಯೆಲ್ಲ ಹೋಗಿಬರೋಣ ಅಂತಿದ್ದೇವೆ. ನಾನು, ನಮ್ಮ ಯಜಮಾನರು, ಅತ್ತೆ, ಮಾವ, ಒಂಬತ್ತನೇ ಕ್ಲಾಸಿನ ಮಗಳು. ಮಾವ ರಿಟೈರ್ಡ್ ಮೇಷ್ಟ್ರು, ಸಿನಿಮಾ ಅಂದರೆ ಪ್ರಾಣ. ಇಂಗ್ಲಿಷ್ ಬರುತ್ತದೆ, ಆದರೆ ಪರದೆ ಮೇಲೆ ಓಡುವ ಸಬ್‌ಟೈಟಲ್ ಸಾಲು ಹಿಡಿಯುವಷ್ಟು ಬೇಗ ಓದಲು ಆಗುವುದಿಲ್ಲ. ಅತ್ತೆ ಪಾವಗಡದವರು, ಅವರಿಗೆ ಶುಗರ್, ಜೊತೆಗೆ ಮಂಡಿ ನೋವು. ಒಂದು ದಿನಕ್ಕೆ ಎಷ್ಟು ಸಿನಿಮಾ ನೋಡಬಹುದು? ಒಂದೇ ದಿನಕ್ಕೋಸ್ಕರ ಇಡೀ ಉತ್ಸವದ ಪಾಸ್ ಮಾಡಿಸುವುದು ದಂಡವಾ?

ಮತ್ತಿಕೆರೆ ಅಕ್ಕ:
ಮೊದಲು ಮಗಳ ವಿಷಯ ಹೇಳಿಬಿಡುತ್ತೇನೆ. 18 ತುಂಬದವರಿಗೆ ಪಾಸ್ ಕೊಡುವುದಿಲ್ಲ. ಈ ಸಿನಿಮಾಗಳಿಗೆ ಸೆನ್ಸಾರ್ ಸರ್ಟಿಫಿಕೇಟ್ ಇರುವುದಿಲ್ಲ, ಸರ್ಕಾರ ವಿನಾಯಿತಿ ಕೊಟ್ಟಿರುತ್ತದೆ, ಅದಕ್ಕೇ ಈ ನಿಯಮ. ಬಾಗಿಲಲ್ಲಿ ನಿಂತಿರುವ ವಾಲಂಟಿಯರ್ ಹುಡುಗರ ಹತ್ತಿರ ಗೋಗರೆದು ಏನೂ ಪ್ರಯೋಜನವಿಲ್ಲ.

ಸೆನ್ಸಾರ್ ಇಲ್ಲ ಅನ್ನುವುದು ನಿಮಗೂ ಗೊತ್ತಿರಲಿ, ಮಾವನ ಪಕ್ಕ ಕೂರುವವರು ನೀವು! ನಾನು ಒಮ್ಮೆ ನಮ್ಮ ಅತ್ತೆ-ಮಾವನ ಮಧ್ಯೆ ಕೂತು ಒಂದು ಯುರೋಪಿನ ಸಿನಿಮಾ ನೋಡಿದೆ. ಅರ್ಧ ಗಂಟೆ ಎಲ್ಲ ಚೆನ್ನಾಗಿತ್ತು. ಹಿಮ, ಚರ್ಚು, ಕುದುರೆ. ಆಮೇಲೆ ಶುರುವಾಯಿತು. ಮಾವ ಕನ್ನಡಕ ತೆಗೆದು ಒರೆಸಿದರು. ಒರೆಸಿದರು, ಒರೆಸಿದರು, ಆ ದೃಶ್ಯ ಮುಗಿಯುವವರೆಗೂ ಒರೆಸಿದರು. ಅತ್ತೆ ಮಾತ್ರ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಹೊರಗೆ ಬಂದ ಮೇಲೆ "ಪಾಪ, ಆ ಹುಡುಗಿಗೆ ಆ ಚಳಿಯಲ್ಲಿ ಒಂದು ಕಂಬಳಿನಾದರೂ ಕೊಡಬಾರದಾ" ಅಂದರು ಅಷ್ಟೇ. ಹಾಗಾಗಿ ಕೆಟಲಾಗ್‌ನಲ್ಲಿ ಕಥೆಯ ಸಾರಾಂಶ ಓದಿಯೇ ಆರಿಸಿ.

ಎಷ್ಟು ನೋಡಬಹುದು ಅಂದರೆ, ಎರಡು. ಪಾಸ್ ದುಡ್ಡು ವಸೂಲಾಗಲಿ ಅಂತ ಬೆಳಿಗ್ಗೆಯಿಂದ ರಾತ್ರಿವರೆಗೆ ಕೂರಿಸಿದರೆ ಮುಂದಿನ ವರ್ಷ ಯಾರೂ ಬರುವುದಿಲ್ಲ. ಈ ಸಲ ಸಾಮಾನ್ಯ ಪಾಸ್ 800 ರೂಪಾಯಿ, ಹಿರಿಯರಿಗೆ 400. ದಂಡ ಅಂತ ನನಗೆ ಅನ್ನಿಸುವುದಿಲ್ಲ.

ಭಾಷೆ ನೋಡಿ ಆರಿಸಿ, ಎಲ್ಲಕ್ಕಿಂತ ಮುಖ್ಯ ಅದು. ಹೊರದೇಶದ ಸಿನಿಮಾಗಳಿಗೆಲ್ಲ ಕೆಳಗೆ ಬರುವುದು ಇಂಗ್ಲಿಷ್ ಸಾಲು, ಕನ್ನಡ ಅಲ್ಲ. ನೀವು ಕಿವಿಯಲ್ಲಿ ಪಿಸುಗುಟ್ಟಿ ಅರ್ಥ ಹೇಳುತ್ತಾ ಕೂತರೆ ಹಿಂದಿನವರು ಸುಮ್ನೆ ಇರುವುದಿಲ್ಲ. ಕನ್ನಡ ಸಿನಿಮಾ ಸ್ಪರ್ಧೆಯ ವಿಭಾಗದಿಂದ ಒಂದು ಆರಿಸಿ. ಥಿಯೇಟರಿನಲ್ಲಿ ಒಂದು ವಾರವೂ ನಿಲ್ಲದ ಕನ್ನಡ ಸಿನಿಮಾಗಳು ಅಲ್ಲಿ ತುಂಬಿದ ಹಾಲ್‌ನಲ್ಲಿ ಓಡುತ್ತವೆ. ಪ್ರದರ್ಶನ ಮುಗಿದ ಮೇಲೆ ಎಷ್ಟೋ ಸಲ ನಿರ್ದೇಶಕರೇ ಮುಂದೆ ನಿಂತು ಮಾತಾಡುತ್ತಾರೆ. ಮೇಷ್ಟ್ರಿಗೆ ಮೈಕ್ ಸಿಕ್ಕರೆ ಬಿಡುತ್ತಾರಾ! ಇನ್ನೊಂದು 'ಚಿತ್ರಭಾರತಿ'ಯಿಂದ ಇರಲಿ, ಅದು ಭಾರತೀಯ ಭಾಷೆಗಳ ವಿಭಾಗ. ಅತ್ತೆ ಪಾವಗಡದವರು ಅಂದಿರಿ, ಅದು ಆಂಧ್ರದ ಗಡಿ, ತೆಲುಗು ಮನೆ ಭಾಷೆಯಷ್ಟೇ ಸಲೀಸು ಇರಬೇಕಲ್ಲ? ತೆಲುಗು ಸಿನಿಮಾ ಇದ್ದರೆ ಅವರೇ ನಿಮಗೆ ಅರ್ಥ ಹೇಳುತ್ತಾರೆ.

ಮತ್ತೆ, ಇಂಟರ್ವಲ್ ಇಲ್ಲ! ನಮ್ಮ ಕಡೆಯ ಹಿರಿಯರಿಗೆ ಇದು ದೊಡ್ಡ ತೊಂದರೆ. ಎರಡೂಕಾಲು ಗಂಟೆ ಒಂದೇ ಸಮ ಓಡುತ್ತದೆ. ಶುಗರ್ ಇರುವವರನ್ನು ಗೋಡೆ ಪಕ್ಕದ ಸೀಟಿನಲ್ಲಿ ಸಿಕ್ಕಿಹಾಕಿಸಬೇಡಿ, ದಾರಿ ಪಕ್ಕ ಕೂರಿಸಿ. ಒಂದು ಶಾಲು ಇರಲಿ, ಏಸಿ ಜಾಸ್ತಿ. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ, ನಮ್ಮ ನಿಪ್ಪಟ್ಟಿನ ಡಬ್ಬಿ ಬಾಗಿಲಲ್ಲೇ ಉಳಿಯಿತು. ಶುಗರ್‌ಗೆ ಗ್ಲೂಕೋಸ್ ಬಿಸ್ಕೆಟ್ಟೋ ಏನೋ ಬೇಕೇ ಬೇಕು ಅಂದರೆ ತಪಾಸಣೆಯವರಿಗೆ ಮೊದಲೇ ಹೇಳಿ.

ಕೊನೇ ಸಾಲು:
ಅಕ್ಕ ಹೇಳಿದ್ದರಲ್ಲಿ ಒಂದನ್ನು ನಾನು ಒಪ್ಪುವುದಿಲ್ಲ. ಕನ್ನಡ, ತೆಲುಗು ಸಿನಿಮಾ ಇವತ್ತಲ್ಲ ನಾಳೆ ಮೊಬೈಲಿನಲ್ಲೂ ಸಿಗಬಹುದು. ಅಷ್ಟು ದೂರದಿಂದ ಬಂದು ಒಂದಾದರೂ ಹೊರದೇಶದ್ದು ನೋಡದೆ ಹೋಗುವುದಾ? ನಮ್ಮಪ್ಪ ಏಳನೇ ಕ್ಲಾಸ್ ಓದಿದವರು. ಒಂದು ಇರಾನಿ ಸಿನಿಮಾಗೆ ಕರಕೊಂಡು ಹೋಗಿದ್ದೆ. ಒಳಗೆ ಹೋಗುವ ಮೊದಲು ಸಾಲಿನಲ್ಲಿ ನಿಂತಾಗಲೇ ಯಾರು ಯಾರ ಮಗ, ಜಗಳ ಯಾಕೆ ಅಂತ ಎರಡು ಮಾತಿನಲ್ಲಿ ಹೇಳಿದೆ. ಅಷ್ಟೇ ಸಾಕಾಯಿತು. ಆ ಸಿನಿಮಾದಲ್ಲಿ ಒಬ್ಬ ಮುದುಕ ಬಾಗಿಲಲ್ಲೇ ನಿಂತು ಒಳಗೆ ಬರಲು ಹಿಂಜರಿಯುವ ಜಾಗದಲ್ಲಿ ಅಪ್ಪ "ದುಡ್ಡು ಕೇಳಕ್ಕೆ ಬಂದವ್ನೆ" ಅಂದರು, ನಾನಿನ್ನೂ ಕೆಳಗಿನ ಸಾಲು ಓದುತ್ತಿದ್ದೆ. ಸರಿಯಾಗಿತ್ತು.

ಮಾತು ಕಡಿಮೆ ಇರುವ, ಹಳ್ಳಿಯದೋ ಮನೆಯದೋ ಕಥೆ ಇರುವ ಸಿನಿಮಾ ಹುಡುಕಿ. ಏಷ್ಯಾ ಸ್ಪರ್ಧೆಯ ಪಟ್ಟಿಯಲ್ಲಿ ಅಂಥವು ಸಿಕ್ಕೇ ಸಿಗುತ್ತವೆ.

ಮತ್ತೆ, ಪಾಸ್ ಇದ್ದರೆ ಸೀಟು ಗ್ಯಾರಂಟಿ ಅಂದುಕೊಳ್ಳಬೇಡಿ. ಮೊದಲು ಬಂದವರಿಗೆ ಮೊದಲು. ಹೆಸರಾದ ಸಿನಿಮಾಗೆ ಮುಕ್ಕಾಲು ಗಂಟೆ ಮೊದಲೇ ಸಾಲು ಹನುಮಂತನ ಬಾಲ. ನಿಮ್ಮ ಯಜಮಾನರು ಸಾಲಿನಲ್ಲಿ ನಿಲ್ಲಲಿ, ಹಿರಿಯರನ್ನು ಎಲ್ಲಾದರೂ ಕೂರಿಸಿ ಆಮೇಲೆ ಕರೆಸಿಕೊಳ್ಳಿ. ಗೊಣಗುವವರು ಗೊಣಗುತ್ತಾರೆ, ಮಂಡಿ ನೋವು ಅಂದರೆ ಬಿಡುತ್ತಾರೆ. ಮೊದಲ ಎರಡು ಸಾಲಿನ ಸೀಟು ಮಾತ್ರ ಬೇಡ, ಕತ್ತು ಹೋಗುತ್ತದೆ.

ಶೆಟ್ಟಿಹಳ್ಳಿ ಗೇಟ್:
ಅಕ್ಕಾ, ಕನ್ನಡಕದ ಕಥೆ ಓದಿ ಮಾವನಿಗೂ ಹೇಳಿದೆ, ಅವರು "ನಾನು ಕನ್ನಡಕ ಬಿಟ್ಟೇ ಬರ್ತೀನಿ" ಅಂತಿದ್ದಾರೆ. ಮಗಳು ಮಾತ್ರ ಮುಖ ಊದಿಸಿಕೊಂಡಿದ್ದಾಳೆ. ಅವಳನ್ನು ಎಲ್ಲಿ ಬಿಡುವುದು? ರೈಲಿನಲ್ಲಿ ಬಂದರೆ ಯಶವಂತಪುರದಲ್ಲಿ ಇಳಿಯುವುದು ವಾಸಿಯಾ, ಮೆಜೆಸ್ಟಿಕ್ ವಾಸಿಯಾ?

ಮತ್ತಿಕೆರೆ ಅಕ್ಕ:
ಯಶವಂತಪುರವೇ. ತುಮಕೂರು ರಸ್ತೆ ಕಡೆಗೆ ಹೊರಬಂದರೆ ಮೆಟ್ರೋ. ಅಲ್ಲಿಂದ ಹಸಿರು ಲೈನಿನಲ್ಲಿ ಮುಂದಿನ ಸ್ಟೇಷನ್ನೇ ಸ್ಯಾಂಡಲ್ ಸೋಪ್ ಫ್ಯಾಕ್ಟರಿ. ಈ 2025ರ ಫೆಬ್ರವರಿಯಲ್ಲಿ ಮೆಟ್ರೋ ದರ ಏರಿಸಿ ಎಲ್ಲರ ಹೊಟ್ಟೆ ಉರಿಸಿದರೂ ಇಷ್ಟು ದೂರಕ್ಕೆ ಹತ್ತೇ ರೂಪಾಯಿ. ಇಳಿದ ಕೂಡಲೇ ಗಂಧದ ಘಮ ಬಂದರೂ ಬರಬಹುದು, ಮೈಸೂರು ಸ್ಯಾಂಡಲ್ ಸೋಪ್ ಆಗುವುದು ಅಲ್ಲೇ. ಸ್ಟೇಷನ್ನಿಂದ ಮಾಲ್‌ಗೆ ನೀವು ನಡೆಯಬಹುದು, ಅತ್ತೆಗೆ ಆಟೋ ಮಾಡಿ. ಒಳಗೆ ಎಸ್ಕಲೇಟರ್ ಬೇಡ, ಸೀರೆ ಸೆರಗು ನೋಡಿಕೊಳ್ಳುವುದೇ ಒಂದು ಕೆಲಸ. ಲಿಫ್ಟ್ ಹುಡುಕಿ.

ಮಗಳಿಗೆ: ನಿಮ್ಮಿಬ್ಬರಲ್ಲಿ ಒಬ್ಬರು ಒಂದು ಸಿನಿಮಾ ಬಿಡಬೇಕು, ಬೇರೆ ದಾರಿಯಿಲ್ಲ. ಒಬ್ಬರು ಅವಳನ್ನು ಜವಾಹರಲಾಲ್ ನೆಹರು ತಾರಾಲಯಕ್ಕೆ ಕರಕೊಂಡು ಹೋಗಿ. ಮೆಜೆಸ್ಟಿಕ್‌ನಲ್ಲಿ ನೇರಳೆ ಲೈನಿಗೆ ಬದಲಿಸಿ ವಿಧಾನಸೌಧ ಸ್ಟೇಷನ್, ಅಲ್ಲಿಂದ ಆಟೋ. ಕನ್ನಡದಲ್ಲೂ ಪ್ರದರ್ಶನ ಇರುತ್ತದೆ, ಸಮಯ ನೋಡಿಕೊಂಡು ಹೊರಡಿ. ಸಂಜೆ ಎಲ್ಲರೂ ಮಲ್ಲೇಶ್ವರದ ಹೋಟೆಲ್ ಸಿಟಿಆರ್‌ನಲ್ಲಿ ಸೇರಿ ಬೆಣ್ಣೆ ಮಸಾಲೆ ದೋಸೆ ತಿಂದರೆ ಊದಿದ ಮುಖ ಇಳಿಯುತ್ತದೆ. ಭಾನುವಾರ ಅಲ್ಲೂ ಸಾಲು, ಅಭ್ಯಾಸ ಆಗಿರುತ್ತದೆ ಬಿಡಿ.

ಕೊನೇ ಸಾಲು ಅವರೇ, ನಿಮ್ಮಪ್ಪನ ಮಾತಿಗೆ ನಾನು ಸೋತೆ. ಆದರೆ ಅತ್ತೆಗೆ ಮೊದಲ ಸಿನಿಮಾ ತೆಲುಗೇ ಇರಲಿ. ಮಧ್ಯಾಹ್ನ ಊಟ ಆದ ಮೇಲೆ ಅವರಿಗೆ ನಿದ್ದೆ ಬರದಿದ್ದರೆ ನಿಮ್ಮ ಇರಾನ್.

ಕೊನೇ ಸಾಲು:
ಒಪ್ಪಿದೆ. ಊಟದ ನಂತರದ ಆಟದಲ್ಲಿ ಅರ್ಧ ಹಾಲ್ ಗೊರಕೆ ಹೊಡೆಯುತ್ತದೆ, ಅದರಲ್ಲಿ ವಿಮರ್ಶಕರೂ ಇರುತ್ತಾರೆ. ಶೆಟ್ಟಿಹಳ್ಳಿ ಗೇಟ್ ಅವರೇ, 2ನೇ ತಾರೀಖಿನ ವೇಳಾಪಟ್ಟಿ ಬಂದ ಕೂಡಲೇ ಇಲ್ಲಿ ಹಾಕಿ. ಸಾರಾಂಶ ನೋಡಿ ಕನ್ನಡಕ ಒರೆಸುವಂಥದ್ದು ಯಾವುದು, ಅಲ್ಲದ್ದು ಯಾವುದು ಅಂತ ಗುರುತು ಹಾಕಿ ಕೊಡುತ್ತೇನೆ.